ಕಾಮಕಸ್ತೂರಿಗೆ ಎರಡೆರಡು ಕುಡಿ ಬಂದದ್ದು

ಲೋಕದ ಮೊದಲ ಲೋಟ ಕಷಾಯ ಕಾಸಿದವನು ನಾನೇ. ಸುಳ್ಳು! ನನಗೆ ನೀರು ಕಾಯಿಸಲೂ ಬರುವುದಿಲ್ಲ. ಕಾಸಿದವಳು ಬೊಮ್ಮಜ್ಜಿ. ಇದು ನಿಜ, ಹೆಚ್ಚುಕಮ್ಮಿ.

ಆಗ ಲೋಕ ಇನ್ನೂ ಹಸಿ ಹಸಿ. ಬೆಟ್ಟವನ್ನು ಮುಟ್ಟಿದರೆ ಬೆರಳಚ್ಚು ಮೂಡುತ್ತಿತ್ತು. ಗಿಡಕ್ಕೊಂದೇ ಕುಡಿ. ಅಜ್ಜಿಯ ಅಂಗಳದ ಕಾಮಕಸ್ತೂರಿಗೂ ನೆತ್ತಿಯಲ್ಲಿ ಒಂದೇ ಒಂದು ಎಳೆ ಕುಡಿ. ಬಿಸಿಲು ಸುಟ್ಟೀತು, ಹುಳ ಕಚ್ಚೀತು ಎಂದು ಕಾಮಕಸ್ತೂರಿ ತನ್ನ ಘಮವನ್ನೆಲ್ಲ, ಕಸುವನ್ನೆಲ್ಲ ಅದಕ್ಕೇ ಉಣಿಸಿ ಸಾಕುತ್ತಿದ್ದಳು.

ಅಜ್ಜಿಯ ಮೊಮ್ಮಗಳು ಕೆಂಪಿಗೆ ಮೂರು ದಿನದಿಂದ ಕೆಮ್ಮು. ಅಜ್ಜಿ ಬುಡದ ದಪ್ಪ ಎಲೆ ಕಿತ್ತು ಕುದಿಸಿದಳು.

"ಥೂ! ಹುಲ್ಲು ತೊಳೆದ ನೀರು," ಎಂದು ಕೆಂಪಿ ಉಗಿದಳು.

ಅಜ್ಜಿ ಇನ್ನೂ ಕುದಿಸಿದಳು.

"ಥೂ! ಎಮ್ಮೆಗೆ ಕೊಡು."

ಒಂದು ಗುಟುಕೂ ಇಳಿಯಲಿಲ್ಲ. ಮಗುವಿನ ಮೈ ಕೆಂಡವಾಯಿತು.

ಅಜ್ಜಿ ಗಿಡದ ಮುಂದೆ ಕೂತಳು. "ಇನ್ನೇನು ಕೊಡಲಿ ತಾಯಿ ಇವಳಿಗೆ?" ಎನ್ನುತ್ತ ನೆತ್ತಿಯ ಕಡೆ ಕೈ ಚಾಚಿದಳು.

ಕಾಮಕಸ್ತೂರಿ ಬೇರುಸಮೇತ ನಡುಗಿದಳು. "ಅಯ್ಯೋ, ಅದು ನನ್ನ ಕುಡಿ!"

ಅಜ್ಜಿಗೆ ಒಂದು ಕಿವಿ ಮಂದ. ಇನ್ನೊಂದರಲ್ಲಿ ಗಾಳಿ ಗುನುಗುತ್ತಿತ್ತು. ಕೇಳಿಸಿದ್ದು ಕೊನೆಯ ಮಾತೊಂದೇ.

"ಕುಡಿ ಅಂದೆಯಾ? ಕುಡಿಸ್ತೀನಿ ತಾಯಿ!" ಚಿಟಕ್ಕನೆ ಚಿವುಟಿದಳು.

ಎಳೆಯದು, ಕುದಿ ತಾಳದು ಎಂದು ಒಲೆಯಿಂದ ಇಳಿಸಿದ ನೀರಿಗೆ ಹಾಕಿ ತಟ್ಟೆ ಮುಚ್ಚಿದಳು. ತಟ್ಟೆ ತೆಗೆದರೆ ಮನೆಯೆಲ್ಲ ಘಮ್! ಕೆಂಪಿ ಮೂಸಿದಳು, ಗುಟುಕರಿಸಿದಳು. "ಇನ್ನೊಂಚೂರು ಅಜ್ಜಿ."

ಮಾರನೆ ದಿನ ಜ್ವರ ಇಳಿದಿತ್ತು. ಅಜ್ಜಿ ಕೈ ಮುಗಿಯಲು ಬಂದರೆ ಕಾಮಕಸ್ತೂರಿ ಎಲೆ ಜೋಲಿಸಿ ನಿಂತಿದ್ದಾಳೆ.

"ನಾನು ಹೇಳಿದ್ದು ನನ್ನ ಕುಡಿ ಅಂತ ಕಣೇ ಬೊಮ್ಮಿ. ನನಗಿದ್ದದ್ದು ಅದೊಂದೇ."

ಮುಗಿಯಲು ಎತ್ತಿದ ಕೈಯನ್ನು ಅಜ್ಜಿ ಇಳಿಸಿದಳು. ಅವಳಿಗೂ ಇದ್ದದ್ದು ಒಂದೇ ಕುಡಿ. ಅದು ಸೆರಗು ಹಿಡಿದು ಹಿಂದೆಯೇ ನಿಂತಿತ್ತು.

ಕೆಂಪಿ ಮುಂದೆ ಬಂದು ಗಾಯ ಮುಟ್ಟಿದಳು. "ನೋವಾಯ್ತಾ? ಬಾ, ಊಫ್ ಮಾಡ್ತೀನಿ."

ಅವಳಿಗೆ ಮುಂದಿನ ಹಲ್ಲು ಎರಡು ಬಿದ್ದಿದ್ದವು, ನಡುವೆ ಒಂದು ಹಟ ಹಿಡಿದು ನಿಂತಿತ್ತು. ಹಾಗಾಗಿ ಉಸಿರು ಎರಡು ಕವಲಾಗಿ ಬಂತು. ಗಾಯದ ಎಡಕ್ಕೆ ಒಂದು ತಾಗಿತು, ಬಲಕ್ಕೆ ಒಂದು. ತಾಗಿದಲ್ಲೇ ಎರಡು ಪುಟ್ಟ ಕುಡಿಗಳು ಕಣ್ಣು ಬಿಟ್ಟವು.

"ಅವಳಿ ಜವಳಿ ಕಣೇ!" ಕಾಮಕಸ್ತೂರಿ ಅಳುತ್ತಲೇ ನಕ್ಕಳು.

ಅದಕ್ಕೇ ಇವತ್ತಿಗೂ ಕಾಮಕಸ್ತೂರಿಯ ಒಂದು ಕುಡಿ ಚಿವುಟಿದರೆ ಎರಡು ಒಡೆಯುತ್ತವೆ, ಕಷಾಯದ ರುಚಿಯೆಲ್ಲ ಆ ಕುಡಿಯಲ್ಲೇ ಇರುತ್ತದೆ. ಚಿವುಟಿದ ಮೇಲೆ ಮರೆಯದೆ ಊಫ್ ಅನ್ನಿ. ನನ್ನ ಲೋಟದ ಕಷಾಯ ಮಾತ್ರ ನೀವೇ ಕಾಸಿ ಕೊಡಬೇಕು. ನೀರು ಕಾಯಿಸಲು ಬರುವುದಿಲ್ಲ ಎಂದು ಮೊದಲೇ ಹೇಳಿದ್ದೇನಲ್ಲ.