ಎಲೆಗೆ ಅಡ್ಡ ಹಿಡಿದ ಕೈ

ಹೊಳೆ ದಂಡೆಯಲ್ಲಿ ಒಬ್ಬ ಗುರುಗಳಿದ್ದರು. ಹೆಸರು ಗವಿಸಿದ್ದಪ್ಪಜ್ಜ.

ಹರೆಯದಲ್ಲಿ ನಾಟಕ ಕಂಪನಿಯಲ್ಲಿ ಹಾಸ್ಯದ ಪಾತ್ರ ಮಾಡುತ್ತಿದ್ದರು. ಹಲ್ಲು ಬಿದ್ದ ಮೇಲೆ ಇಲ್ಲಿ ಬಂದು ಕೂತರು. ಕೂತದ್ದು ತಗಡಿನ ಶೆಡ್ಡಿನಲ್ಲಿ. ಜನ ಅದನ್ನು ಮಠ ಎಂದರು. ಆಶ್ರಮ ಎಂದರೆ ಕಥೆಗೆ ಇನ್ನಷ್ಟು ಕಳೆ ಬರುತ್ತದೆ, ಹಾಗೇ ಇರಲಿ.

ಅಜ್ಜನಿಗೆ ಗಡ್ಡವಿತ್ತೋ ಇಲ್ಲವೋ ಎಂಬುದರಲ್ಲಿ ಒಮ್ಮತವಿಲ್ಲ. ನಾನು ಹೇಳುವಾಗಲೂ ಒಮ್ಮೊಮ್ಮೆ ಇರುತ್ತದೆ. ಇವತ್ತು ಬೇಡ. ತುಟಿ ಕಾಣಬೇಕು.

ಅಲ್ಲಿಗೆ ಹುಬ್ಬಳ್ಳಿಯಿಂದ ನೀಲಗಂಗಾ ಎಂಬವಳು ಬಂದಳು. ಸ್ಟ್ಯಾಂಡಪ್ ಕಾಮಿಡಿ ಮಾಡುವವಳು. ವೇಷವಿಲ್ಲದೆ, ಪೇಟಿ ತಬಲಾ ಇಲ್ಲದೆ, ಒಬ್ಬಳೇ ಮೈಕಿನ ಮುಂದೆ ನಿಂತು ಬರೀ ಮಾತಿನಿಂದ ಸಭೆಯನ್ನು ನಗಿಸುವ ಕೆಲಸ ಅದು. ಕೂದಲನ್ನು ಎರಡೂ ಕಿವಿ ಮುಚ್ಚುವಂತೆ ಇಳಿಬಿಟ್ಟಿದ್ದಳು.

“ಯಾಕ ಬಂದೀಯವ್ವಾ?” ಎಂದರು ಅಜ್ಜ.

“ಕಲಿಯಾಕ ಬಂದೀನ್ರಿ ಅಜ್ಜಾರ.”

“ನಗಸೂದು ಬರ್ತೈತಿ?”

“ಬರ್ತೈತ್ರಿ. ಕೇಳಸೂದು ಹೋಗೇತಿ.”

ಕೂದಲು ಸರಿಸಿ ತೋರಿಸಿದಳು. ಕಿವಿಯ ಹಿಂದೆ ಕಡಲೆಬೀಜದಷ್ಟು ಮಷಿನ್ ಇತ್ತು.

ಎದುರಿಗೆ ಕೂತು ಒಬ್ಬರೇ ಮಾತಾಡಿದರೆ ಅವಳು ಮಷಿನ್ನನ್ನೂ ಅವರ ತುಟಿಯನ್ನೂ ಸೇರಿಸಿ ಹೇಗೋ ಅರ್ಥ ಮಾಡಿಕೊಳ್ಳುತ್ತಿದ್ದಳು. ಸಭಾಂಗಣದಲ್ಲಿ ಆ ಮಷಿನ್ನಿಗೆ ಫ್ಯಾನು, ಕುರ್ಚಿ, ಕೆಮ್ಮು, ನಗು ಎಲ್ಲವೂ ಒಂದೇ ಗದ್ದಲ. ಹಾಗಾಗಿ ವೇದಿಕೆ ಹತ್ತುವ ಮೊದಲು ಅದನ್ನು ತೆಗೆದು ಪರ್ಸಿನಲ್ಲಿಡುತ್ತಿದ್ದಳು.

ವೇದಿಕೆಯ ಬೆಳಕೆಲ್ಲ ಅವಳ ಕಣ್ಣಿಗೇ. ಎದುರಿಗೆ ಕತ್ತಲೆ. ಜೋಕು ಹೇಳುವುದು, ಒಂದು ಉಸಿರು ನಿಲ್ಲುವುದು, ಮುಂದಕ್ಕೆ ಹೋಗುವುದು. ಕೆಲವು ಸಲ ನಗು ಆ ಉಸಿರಿಗಿಂತ ಉದ್ದವಿರುತ್ತಿತ್ತು, ಅದರ ಮೇಲೇ ಮಾತಾಡಿಬಿಡುತ್ತಿದ್ದಳು. ಕೆಲವು ಸಲ ನಗುವೇ ಇರುತ್ತಿರಲಿಲ್ಲ, ಬಸ್ಸು ಬಾರದ ಸ್ಟಾಪಿನಲ್ಲಿ ನಿಂತವರ ಹಾಗೆ ನಿಂತಿರುತ್ತಿದ್ದಳು.

“ಹೋದ ತಿಂಗಳ ಧಾರವಾಡದಾಗ ಏನಾತಂದ್ರ,” ಎಂದಳು, “ಹಿಂದ ಕುಂತಾವ ಯಾರೋ ‘ಸಾಕು, ಇಳಿಯವ್ವಾ ಕೆಳಗ’ ಅಂತ ಒದರಿದ್ನಂತ. ಇಡೀ ಹಾಲ್ ನಕ್ಕಿತಂತ. ನನಗ ಮುಂದಿನ ಸಾಲಿನವರ ಹಲ್ಲಷ್ಟೇ ಕಂಡ್ವು. ನನ್ನ ಜೋಕಿಗೇ ನಕ್ರು ಅಂತ ತಿಳದು ಎರಡೂ ಕೈ ಎತ್ತಿ ಮುಗದೆ. ‘ನಿಮ್ಮ ಪ್ರೀತಿಗೆ ಶರಣು’ ಅಂತಂದೆ.”

ಪಕ್ಕದಲ್ಲಿದ್ದ ಶಿಷ್ಯರು ಕಿಸಕ್ಕೆಂದರು. ಆ ವಿಡಿಯೋ ಅವರ ಫೋನಿಗೂ ಬಂದಿತ್ತು.

ಅಜ್ಜ ನಗಲಿಲ್ಲ. “ಮುಂದ?”

“ಹುಬ್ಬಳ್ಯಾಗ ಇನ್ನೊಂದು ಶೋ ಕೊಟ್ಟಾರ್ರಿ. ಇದೂ ಕೆಟ್ರ ಮತ್ತ ಕರಿಯೂದಿಲ್ಲ ಅಂದಾರ.”

“ಕಿವಿ ಸುದ್ದಿ ಅವರಿಗೆ ಗೊತ್ತೈತೇನು?”

“ನಮ್ಮವ್ವಗೂ ಪೂರಾ ಗೊತ್ತಿಲ್ರಿ.”

“ಹಂಗಾರ ನನ್ನಿಂದ ಏನಾಗಬೇಕು?”

“ಕೇಳಸದಿದ್ರೂ ಕೇಳಿಸಿದಂಗ ಇರೂದು ಕಲಸ್ರಿ. ಯಾರಿಗೂ ಗೊತ್ತಾಗಬಾರದು.”

ಅಜ್ಜ ಬೆನ್ನು ನೆಟ್ಟಗೆ ಮಾಡಿ ಗಂಭೀರವಾಗಿ ಉಪದೇಶಕ್ಕೆ ತೊಡಗಿದರು. ಹುಬ್ಬು ಏರಿಸಿದರು, ಬೆರಳು ಎತ್ತಿದರು, ಹೊಳೆಯ ಕಡೆಗೊಮ್ಮೆ ಆಕಾಶದ ಕಡೆಗೊಮ್ಮೆ ಕೈ ತೋರಿಸಿದರು. ತುಟಿ ಆಡುತ್ತಲೇ ಇತ್ತು.

ನೀಲಗಂಗಾ ನಡುನಡುವೆ ತಲೆಯಾಡಿಸಿದಳು. ಒಂದು ಕಡೆ “ಹೌದಲ್ಲರೀ!” ಎಂದಳು. ಕೊನೆಗೆ “ಖರೇ ಮಾತ್ರಿ ಅಜ್ಜಾರ, ಇರೋತನಕ ಮರಿಯೂದಿಲ್ಲ” ಎಂದು ಕಾಲಿಗೆರಗಿದಳು.

ತಲೆ ಎತ್ತಿದಾಗ ಶಿಷ್ಯರ ಹೆಗಲುಗಳು ಕುಣಿಯುತ್ತಿದ್ದವು.

“ನಾ ಏನಂದೆ ಹೇಳು?” ಎಂದರು ಅಜ್ಜ.

ಅವಳು ಶಿಷ್ಯರ ಮುಖ ನೋಡಿದಳು, ಮತ್ತೆ ಅಜ್ಜನ ತುಟಿ ನೋಡಿದಳು.

“ಏನೂ ಅಂದಿಲ್ಲ. ಎಮ್ಮಿ ಮೆಲಕು ಹಾಕಿದಂಗ ಬಾಯಿ ಆಡಿಸಿದೆ. ನೀ ಕಲಿಯಾಕ ಬಂದ ವಿದ್ಯಾ ನಿನಗ ಆಗಲೇ ಬರ್ತೈತಿ. ಊರಿಗೆ ನಡಿ.”

ಅವಳು ಹೋಗಲಿಲ್ಲ. ಅಳಲೂ ಇಲ್ಲ. ಅಲ್ಲೇ ಕೂತಳು.

“ಹಂಗಾರ ಸೌಟು ಹಿಡಿ,” ಎಂದರು ಅಜ್ಜ.

ಹೊಳೆಯಲ್ಲಿ ಮಿಂದು ಹೋಗುವ ಜನ ಆ ಶೆಡ್ಡಿನಲ್ಲಿ ಉಂಡು ಹೋಗುತ್ತಿದ್ದರು. ಬಾಳೆಲೆ ಹಾಸಿದ ಪಂಕ್ತಿ. ನೀಲಗಂಗಾಳ ಪಾಲಿಗೆ ಗೋಧಿ ಹುಗ್ಗಿಯ ಬಕೀಟು ಬಂತು.

ಅವಳು ಓಡಿದಳು. ಎಲೆಗೊಂದು ಸೌಟು ಸುರಿದು, ಯಾರ ಮುಖವನ್ನೂ ನೋಡದೆ ಪಂಕ್ತಿಯ ತುದಿ ಮುಟ್ಟಿ ಉಸಿರು ಬಿಟ್ಟಳು.

ಹಿರಿಯ ಶಿಷ್ಯ ಸೋಮಲಿಂಗ ಚಾಡಿ ಹೇಳಿದ: “ಅಜ್ಜಾರ, ಈಕಿ ಸಾಕಂದವರಿಗೆ ಸುರೀತಾಳ, ಬೇಕಂದವರನ್ನ ದಾಟಿ ಹೊಕ್ಕಾಳ. ಒಬ್ಬರ ಸಾರಿನ್ಯಾಗ ಹುಗ್ಗಿ ತೇಲಾಕತ್ತೇತಿ.”

“ಯಾಕ ಓಡಿದಿ?” ಎಂದು ಅಜ್ಜ ಅವಳನ್ನು ಕೇಳಿದರು.

“ಯಾರರೆ ಏನರೆ ಅಂದ್ರ ಅಂತ ಅಂಜಿಕಿರಿ. ಕೇಳಸೂದಿಲ್ಲಲ್ರಿ.”

“ಪಂಕ್ತ್ಯಾಗ ಬಾಯಿ ಮಾತು ಯಾರಿಗೆ ಬೇಕು? ಉಣ್ಣಾವರ ಬಾಯಿ ಸುಳ್ಳು ಹೇಳ್ತೈತಿ. ಕೈ ನೋಡು.”

ಮುಂದಿನ ಪಂಕ್ತಿಯಲ್ಲಿ ಅವಳು ನಿಧಾನ ಮಾಡಿದಳು.

ದಪ್ಪ ಹೊಟ್ಟೆಯವನೊಬ್ಬನ ತುಟಿ “ಬ್ಯಾಡ್ರಿ, ಶುಗರ್ ಐತ್ರಿ” ಎನ್ನುತ್ತಿತ್ತು. ಕೈ ಮಾತ್ರ ಮೊಣಕಾಲಿನ ಮೇಲೆ ಆರಾಮಾಗಿ ಕೂತಿತ್ತು. ಅವಳು ಬಡಿಸಿದಳು. ಅವನು ಉಂಡ. ಹೊಸದಾಗಿ ಮದುವೆಯಾದ ಹುಡುಗಿ ಬಾಯಿಯನ್ನೇ ತೆರೆಯಲಿಲ್ಲ, ಎಲೆಯ ಅಂಚನ್ನು ಬೆರಳಿನಿಂದ ಒಂದಿಷ್ಟು ಮುಂದಕ್ಕೆ ತಳ್ಳಿದಳು. ಅವಳಿಗೂ ಬಿತ್ತು. ಮುದುಕಿಯೊಬ್ಬಳು ಎರಡೂ ಅಂಗೈ ಚಾಚಿ, ಎಲೆಯ ಮೇಲೆ ಕೋಳಿ ಕಾವಿಗೆ ಕೂತ ಹಾಗೆ ಬಾಗಿದಳು. ಅಲ್ಲಿ ಸೌಟು ನಿಂತಿತು.

ಬಾಯಲ್ಲಿ ತುತ್ತಿದ್ದವರು ತಲೆ ಎತ್ತುವುದಿಲ್ಲ, ನುಂಗಿದ ಮೇಲೆಯೇ ಎತ್ತುತ್ತಾರೆ ಎಂಬುದೂ ಅವಳಿಗೆ ಕಂಡಿತು.

ಇಳಿಹೊತ್ತಿನಲ್ಲಿ ಶಿಷ್ಯರು ಹೊಳೆಯ ಮೆಟ್ಟಿಲ ಮೇಲೆ ಕೂತಾಗ ಅವಳು ತನ್ನ ಜೋಕುಗಳನ್ನು ಅವರ ಮುಂದೆ ಹೇಳತೊಡಗಿದಳು, ಮಷಿನ್ ತೆಗೆದಿಟ್ಟು. ಮೊದಲ ಸಲ ಅವಳಿಗೆ ತಾನು ನಗಿಸುವ ಜನ ಬೆಳಕಿನಲ್ಲಿ ಕಂಡರು.

“ಅಜ್ಜಾರ, ಒಂದು ಮಾತು,” ಎಂದು ಓಡಿಬಂದಳು. “ನಕ್ಕವರು ನನ್ನ ನೋಡೂದಿಲ್ರಿ. ಬಾಜೂದವರ ಮಾರಿ ನೋಡ್ತಾರ. ಸೋಮಲಿಂಗಣ್ಣ ಅಂತೂ ಬಾಜೂದವರ ತೊಡಿಗೆ ಬಡೀತಾನ.”

“ತಿರುಗಿ ನಿನ್ನ ಯಾವಾಗ ನೋಡ್ತಾರ?”

“ನಗಿ ಮುಗದ ಮ್ಯಾಲೆ.”

“ತುತ್ತು ಇಳೀತು. ಸೌಟು ಎತ್ತು.”

ಅವಳ ಮುಖ ಅರಳಿತು. “ಸಿಕ್ತು ಬಿಡ್ರಿ. ಇನ್ನ ಯಾರಿಗೂ ಏನೂ ಹೇಳೂದು ಬ್ಯಾಡ. ನಾ ಊರಿಗೆ ಹೊಂಟೀನ್ರಿ.”

“ಸಂಜೀ ಪಂಕ್ತಿ ಬಡಿಸಿ ಹೋಗು.”

ಆ ಸಂಜೆ ಜನ ತುಂಬ ಇದ್ದರು. ಸೂರ್ಯ ಮುಳುಗಿ ಬಲ್ಬು ಹತ್ತಿತ್ತು. ನೀಲಗಂಗಾ ಪಂಕ್ತಿಯ ನಟ್ಟನಡುವೆ ಇದ್ದಾಗ ಬಲ್ಬು ಆರಿತು. ಮೇನ್ ಸ್ವಿಚ್ಚಿನ ಹತ್ತಿರ ಯಾರು ನಿಂತಿದ್ದರು ಎಂದು ಸದ್ಯಕ್ಕೆ ಕೇಳಬೇಡಿ.

ಕೈಗಳು ಹೋದವು. ತುಟಿಗಳು ಹೋದವು. ಸುತ್ತ ಜನ ಏನೇನೋ ಅನ್ನುತ್ತಿದ್ದರು, ಅವಳಿಗೆ ಅದು ಹೊಳೆಯ ಮೊರೆತದ ಹಾಗೆ ಕೇಳಿಸಿತು. ಸೌಟಿನಲ್ಲಿ ಹುಗ್ಗಿ ಕುದಿಯುವಷ್ಟು ಬಿಸಿಯಾಗಿತ್ತು. ಕೆಳಗೆ ಎಲೆ ಇದೆಯೋ, ಅಡ್ಡ ಹಿಡಿದ ಯಾರದಾದರೂ ಕೈ ಇದೆಯೋ ತಿಳಿಯಲಿಲ್ಲ.

ಅವಳು ಸೌಟನ್ನು ಎದೆಗೆ ಹಿಡಿದು ನಿಂತಳು. ಹುಗ್ಗಿ ಸೀರೆಗೆ ಚೆಲ್ಲಿ ಮೈ ಸುಟ್ಟಿತು. ಆಮೇಲೆ ಕಣ್ಣು ಮುಚ್ಚಿ ಕೂಗಿದಳು:

“ಯಾರರೆ ದೀಪಾ ಹಚ್ಚ್ರೀ! ನನಗ ಕಿವಿ ಕೇಳೂದಿಲ್ಲ!”

ಬಲ್ಬು ಹತ್ತಿತು.

ಎಲ್ಲರೂ ತನ್ನ ಕಿವಿಯನ್ನೇ ನೋಡುತ್ತಿರುತ್ತಾರೆ ಎಂದುಕೊಂಡು ಅವಳು ಕಣ್ಣು ತೆರೆದಳು. ಎಲ್ಲರೂ ಸೌಟನ್ನು ನೋಡುತ್ತಿದ್ದರು. ಒಬ್ಬ ಮುದುಕ ಇಲ್ಲಿ ಹಾಕು ಎಂಬಂತೆ ಬೆರಳಿನಿಂದ ಎಲೆಯನ್ನು ತಟ್ಟಿದ.

ಅವಳು ಬಡಿಸಿದಳು.

ಪಂಕ್ತಿ ಎದ್ದ ಮೇಲೆ ಅಜ್ಜನ ಮುಂದೆ ಬಂದು ನಿಂತಳು. “ದೀಪಾ ಆರಿಸಿದವ್ರು ನೀವೇ?”

“ಹೂಂ.”

“ಯಾಕ್ರಿ?”

“ನಿಮ್ಮ ಹಾಲಿನ್ಯಾಗ ಜನ ಬೆಳಕಿನ್ಯಾಗ ಕುಂದರ್ತಾರೋ, ಕತ್ತಲ್ಯಾಗೋ?”

ಅವಳು ಬಕೀಟು ತೊಳೆದಿಟ್ಟಳು. ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಶೋ ನಡೆಸುವವನ ಹೆಸರು ಇಮ್ತಿಯಾಜ್. ಅವನಿಗೆ ಹೇಳಿದಳು, “ಹಾಲಿನ ಲೈಟೆಲ್ಲ ಹಚ್ಚೇ ಇಡ್ರಿ.”

“ಹುಚ್ಚೇನ್ರಿ ಮೇಡಂ? ಬೆಳಕಿನ್ಯಾಗ ಜನ ನಗಾಕ ನಾಚತಾರ.”

“ಅವರ ನಗಿ ನನಗ ಕೇಳಸೂದಿಲ್ಲ. ನೋಡಬೇಕು.”

ಅವನು ಅವಳ ಮುಖವನ್ನೇ ನೋಡಿದ. “ಹಂಗಾರ ಧಾರವಾಡದಾಗ ಕೈ ಮುಗದದ್ದು...”

“ಅದಕ್ಕೇ.”

“ಮೊದಲೇ ಹೇಳಬೇಕಿಲ್ರಿ!” ಎಂದು ಅವನು ಬೈಯುತ್ತ ಹೋಗಿ ಲೈಟು ಹಾಕಿಸಿದ.

ಜನ ಮೊದಮೊದಲು ನಾಚಿದ್ದು ನಿಜ. ಇಮ್ತಿಯಾಜ್ ಹೇಳಿದ್ದು ಸುಳ್ಳಾಗಲಿಲ್ಲ. ಆದರೆ ಅವಳು ಅವಸರ ಮಾಡಲಿಲ್ಲ. ಅವರು ಪಕ್ಕದವರ ಕಡೆ ತಿರುಗುವವರೆಗೆ ಕಾದಳು, ತಿರುಗಿ ತನ್ನ ಕಡೆ ನೋಡಿದಾಗ ಮುಂದಿನದು ಬಡಿಸಿದಳು. ಎರಡು ಜೋಕಿಗೆ ಯಾರೂ ತಿರುಗಲಿಲ್ಲ. ಅಲ್ಲಿ ನಿಲ್ಲದೆ ಮುಂದೆ ಹೋದಳು.

ನಡುವೆ ಒಮ್ಮೆ, ಅವಳು ಏನೂ ಹೇಳದಿದ್ದಾಗ, ತಲೆಗಳೆಲ್ಲ ಹಿಂದಕ್ಕೆ ಹೊರಳಿದವು. ಹೆಗಲುಗಳು ಕುಣಿದವು. ಕೊನೆಯ ಸಾಲಿನಲ್ಲಿ ನೀಲಿ ಅಂಗಿಯವನೊಬ್ಬ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ನೀಲಗಂಗಾ ಕೈ ಮುಗಿಯಲಿಲ್ಲ.

“ನೀಲಿ ಅಂಗಿ ಅಣ್ಣಾರ,” ಎಂದಳು, “ನೀವು ಏನೋ ಅಂದ್ರಿ. ಭಾಳ ಚಲೋ ಇತ್ತು ಅಂತ ಕಾಣತೈತಿ, ನನ್ನ ಜೋಕಿಗಿಂತ ಜಾಸ್ತಿ ನಕ್ಕಾರ. ನನಗ ಕಿವಿ ಕೇಳೂದಿಲ್ಲ. ಎದ್ದು ನಿಂತು ಕೈಸನ್ನಿ ಮಾಡಿ ತೋರಸ್ರಿ.”

ಅವನು ಏಳಲಿಲ್ಲ. ಅಕ್ಕಪಕ್ಕದವರು ಎಬ್ಬಿಸಿದರು. ಅವನು ಬೆರಳನ್ನು ಕೆಳಗೆ ತೋರಿಸಿದ. ಮತ್ತೆ ಎರಡೂ ಕೈಯನ್ನು ಕೆಳಗೆ ಒತ್ತಿದ.

“ಬಾವಿಗೆ ಕೊಡ ಇಳಸಾಕತ್ತೀರೇನು?”

ಅವನು ತಲೆ ಅಲ್ಲಾಡಿಸಿ ಇನ್ನೂ ಜೋರಾಗಿ ಒತ್ತಿದ.

“ಕೋಳಿ ಹಿಡಿಯೂದಾ? ಬುಟ್ಟಿ ಮುಚ್ಚೂದಾ? ಅಣ್ಣಾರ, ಕುಂದ್ರಿ. ಕಿವಿ ಇದ್ದವರಿಗೂ ತಿಳಿಯವಲ್ದು.”

ಸಭೆಯಲ್ಲಿ ಜನ ನಗುತ್ತ ಒಬ್ಬರ ಮೇಲೊಬ್ಬರು ಬಿದ್ದರು. ನೀಲಗಂಗಾ ಮೈಕನ್ನು ಕೆಳಗಿಳಿಸಿ, ಕೊನೆಯ ಮುಖ ತನ್ನ ಕಡೆ ತಿರುಗುವವರೆಗೂ ಸುಮ್ಮನೆ ನಿಂತಳು. ನೀಲಿ ಅಂಗಿಯವನದೇ ಕೊನೆಯ ಮುಖ. ಅವನೂ ನಗುತ್ತಿದ್ದ.

ಮತ್ತೆ ಹೊಳೆ ದಂಡೆಗೆ ಬಂದಳು. ಕೂದಲು ಹಿಂದಕ್ಕೆ ಕಟ್ಟಿದ್ದಳು.

“ಹುಬ್ಬಳ್ಯಾವ್ರು ಮತ್ತ ಕರದಾರ್ರಿ ಅಜ್ಜಾರ,” ಎಂದಳು. “ಬೆಳಗಾವ್ಯಾವ್ರಿಗೆ ಕಿವಿ ಸುದ್ದಿ ಮುಟ್ಟಿ ಬ್ಯಾಡ ಅಂದ್ರು. ಹೇಳಿದ್ದಕ್ಕ ಒಂದು ಬಂತು, ಹೇಳಿದ್ದಕ್ಕ ಒಂದು ಹೋತು.”

“ಮತ್ತ ಯಾಕ ಬಂದಿ?”

“ಇದ್ದದ್ದೂ ಕಡಿಮಿ ಆಗಾಕತ್ತೇತಿ ಅಂದಾರ್ರಿ ಡಾಕ್ಟರ್. ನಾಳೆ ಮಷಿನ್ನೂ ಸಾಲೂದಿಲ್ಲ. ಇನ್ನ ಎಲ್ಲೀತನಕ ಮಾಡ್ಲಿ ಈ ಕೆಲಸಾ?”

ಅಜ್ಜ ಬೆನ್ನು ನೆಟ್ಟಗೆ ಮಾಡಿದರು. ಹುಬ್ಬು ಏರಿತು, ಬೆರಳು ಎದ್ದಿತು, ತುಟಿ ಆಡಿತು.

ನೀಲಗಂಗಾ ತಲೆಯಾಡಿಸಲಿಲ್ಲ. “ಕೇಳಿಸಲಿಲ್ರಿ. ಇನ್ನೊಮ್ಮೆ ಹೇಳ್ರಿ.”

ಅಜ್ಜ ಎದ್ದರು. ಪಂಕ್ತಿಯ ನಡುವೆ ಒಂದು ಎಲೆ ಹಾಸಿ ಅವಳನ್ನು ಕೂರಿಸಿದರು. ಹುಗ್ಗಿಯ ಬಕೀಟನ್ನು ತಾವೇ ಎತ್ತಿಕೊಂಡು ಅವಳ ಮುಂದೆ ಬಾಗಿ, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದರು:

“ಸಾಕಾದಾಗ ಎಲಿಗೆ ಕೈ ಅಡ್ಡ ಹಿಡಿ. ಆ ಕೈ ನಿಂದೇ ಇರಲಿ.”