ಮೂರನೆಯ ಮೆಟ್ಟಿಲು

“ಅಜ್ಜಾರೆ, ಕೆಟ್ಟ ಕಣ್ಣು ನಿಜವಾಗಿಯೂ ತಾಗುತ್ತದೆಯೇ?” ಎಂದು ಸಂಗವ್ವ ಮಠದ ಗುರುಗಳನ್ನು ಕೇಳಿದಳು.

ಅವಳ ಸೆರಗಿನಲ್ಲಿ ಉಪ್ಪು, ಒಣಮೆಣಸಿನಕಾಯಿಯ ಗಂಟಿತ್ತು. ಶಾಲೆಗೆ ಬಂದ ಡಾಕ್ಟರು ಅವಳ ಒಂಬತ್ತು ವರ್ಷದ ಮೊಮ್ಮಗಳನ್ನು ತೂಗಿ, ವಯಸ್ಸಿಗೆ ಮೀರಿದ ತೂಕವಿದೆ, ರಕ್ತ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟಿದ್ದರು. ಅವರ ಕಣ್ಣೇ ಮಗುವಿಗೆ ತಾಗಿದೆ ಎಂದು ಸಂಗವ್ವನಿಗೆ ದಿಗಿಲು. ಗಂಟನ್ನು ಮಂತ್ರಿಸಿಕೊಡಿ ಎಂದು ಬೇಡಿಕೊಂಡಳು. ಮಗು ಎಲ್ಲಿ ಎಂದು ಗುರುಗಳು ಕೇಳಿದರು. ಮಠದ ಮೆಟ್ಟಿಲು ಹತ್ತುತ್ತಿದ್ದಾಳೆ, ನಿಧಾನವಾಗಿ ಬರುತ್ತಾಳೆ ಎಂದಳು. ಗುರುಗಳು ಬಾಗಿಲಿನಾಚೆ ಒಮ್ಮೆ ನೋಡಿದರು.

“ಈ ತಿಂಗಳು ಇಂಥ ಗಂಟು ಹಿಡಿದು ಬಂದವರಲ್ಲಿ ನೀನು ಐದನೆಯವಳು. ನಾನೇನು ಮೆಣಸಿನಕಾಯಿ ಅಂಗಡಿ ಇಟ್ಟಿದ್ದೇನೆಯೇ? ಕೂತುಕೋ, ಕೇಳು” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮೊದಲ ಮಗು ಜ್ವರದಲ್ಲಿ ಸೊರಗಿ, ಎಲುಬು ಕಾಣುವಂತಾಗಿ ತೀರಿಕೊಂಡಿತು. ಎರಡನೆಯದು ಹೆಣ್ಣಾಯಿತು. ಇವಳ ಎಲುಬು ನನ್ನ ಕಣ್ಣಿಗೆ ಬೀಳಬಾರದು ಎಂದು ತಾಯಿ ಹಟ ತೊಟ್ಟಳು. ಪಾಪ, ಹಿಂದಿನ ಭಯ ಅವಳನ್ನು ಬಿಟ್ಟಿರಲಿಲ್ಲ. ಮಗು ಸಾಕು ಎಂದರೆ ಇನ್ನೊಂದು ತುತ್ತು. ಅತ್ತರೆ ಒಂದು ಉಂಡೆ, ಸುಮ್ಮನಿದ್ದರೆ ಅದಕ್ಕೂ ಒಂದು ಉಂಡೆ. ಮಗು ದುಂಡಗಾದಷ್ಟೂ ತಾಯಿಗೆ ನಿಶ್ಚಿಂತೆ.

ಅವಳ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಒಂದು ದಿನ ಮನೆಗೆ ಬಂದಳು. ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಮಗು ದಣಿದು ಎರಡು ಸಲ ಕೂತದ್ದನ್ನು ನೋಡಿದ್ದಳು. ಮಗುವಿನ ಉಸಿರು ಸರಿ ಕಾಣಲಿಲ್ಲ, ಉಂಡೆ ಕಡಿಮೆ ಮಾಡು, ಹೊರಗೆ ಆಡಲು ಬಿಡು ಎಂದು ತಾಯಿಗೆ ಹೇಳಿ ಹೋದಳು.

ಅವಳು ಬೆನ್ನು ತಿರುಗಿಸುವುದೇ ತಡ, ತಾಯಿ ಮಗುವಿನ ಸುತ್ತ ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ತಾಗಿದೆ ಎಂದೇ ಲೆಕ್ಕವಲ್ಲವೇ? ಮೆಣಸಿನಕಾಯಿ ಹಳೆಯದು ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಅಂದಿನಿಂದ ಸೂಲಗಿತ್ತಿಗೆ ಆ ಮನೆಯ ಬಾಗಿಲು ಮುಚ್ಚಿತು. ಬೀದಿಯ ಮಕ್ಕಳು ಮಗುವನ್ನು ಆಡಿಕೊಂಡರು. ಅವರ ಕಣ್ಣೂ ಕೆಟ್ಟದ್ದು ಎಂದು ತಾಯಿ ಮಗುವನ್ನು ಒಳಗೇ ಕೂರಿಸಿದಳು. ಮಗು ಅತ್ತಿತು. ಅತ್ತ ಮಗುವಿಗೆ ಏನು ಕೊಟ್ಟಳೆಂದು ನಿನಗೆ ನಾನು ಹೇಳಬೇಕಾಗಿಲ್ಲ.

ವರ್ಷ ಕಳೆಯಿತು. ಮಗುವಿಗೆ ಎಷ್ಟು ನೀರು ಕುಡಿದರೂ ಬಾಯಾರಿಕೆ ತೀರದಾಯಿತು. ಒಂದು ಮಧ್ಯಾಹ್ನ ತಟ್ಟೆಯ ಮುಂದೆಯೇ ಕುಸಿದು ಬಿತ್ತು. ತಾಯಿ ಎತ್ತಿಕೊಳ್ಳಲು ಹೋದಳು, ಎತ್ತಲಾಗಲಿಲ್ಲ. ಬೀದಿಗುಂಟ ಓಡಿ ಸೂಲಗಿತ್ತಿಯ ಕಾಲು ಹಿಡಿದಳು.

“ನಿನ್ನ ಕಣ್ಣನ್ನು ಹಿಂದಕ್ಕೆ ತೆಗೆದುಕೋ, ನನ್ನ ಮಗುವನ್ನು ಉಳಿಸಿಕೊಡು” ಎಂದು ಅತ್ತಳು.

“ನನ್ನ ಕಣ್ಣು ಬಿದ್ದದ್ದು ಒಂದೇ ದಿನ, ತಾಯಿ. ಉಳಿದ ದಿನವೆಲ್ಲ ನಿನ್ನ ಕಣ್ಣು ಎಲ್ಲಿತ್ತು?” ಎಂದು ಸೂಲಗಿತ್ತಿ ಮಗುವಿದ್ದಲ್ಲಿಗೆ ಓಡಿದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಸಂಗವ್ವ ತಡೆಯಲಾರದೆ, ಆ ಮಗು ಬದುಕಿತೇ ಎಂದು ಕೇಳಿದಳು.

ಗುರುಗಳು ಬಾಗಿಲಿನತ್ತ ಕೈ ತೋರಿದರು.

“ಅದನ್ನು ಹೇಳಬೇಕಾದವಳು ನೀನು, ಸಂಗವ್ವ. ನಿನ್ನ ಮೊಮ್ಮಗಳು ಇನ್ನೂ ಮೂರನೆಯ ಮೆಟ್ಟಿಲ ಮೇಲೆಯೇ ಕೂತಿದ್ದಾಳೆ.”