ಏನೂ ಆಗದ ಉಂಡೆ

ಜಲಜಮ್ಮನ ಬೆತ್ತದ ಬುಟ್ಟಿಯಲ್ಲಿ ಮೂರು ಉಲ್ಲನ್ ಉಂಡೆಗಳೂ ಒಂದು ಹಳೆಯ ಕ್ರೋಶಾ ಕಡ್ಡಿಯೂ ಇದ್ದವು. ಕಡ್ಡಿಯ ಕೊಕ್ಕೆಗೆ ಯಾವ ಎಳೆ ಸಿಕ್ಕಿರುತ್ತದೋ ಅದರಲ್ಲೇ ಮೊಮ್ಮಗಳು ಮೇದಿನಿ ಹೆಣಿಗೆ ಕಲಿಯುತ್ತಿದ್ದಳು.

"ನನ್ನನ್ನು ಆರಿಸು, ನಾನು ಮೃದು," ಎಂದಿತು ತುಪ್ಪಳದಂಥ ಉಂಡೆ.

"ನಿನ್ನೆ ನಿನ್ನನ್ನೇ ಆರಿಸಿದ್ದೆ," ಎಂದಿತು ಕಡ್ಡಿ. "ಹುಡುಗಿ ತಪ್ಪಿದ್ದನ್ನು ಬಿಚ್ಚಹೋದಾಗ ನೀನು ಗಂಟು ಬಿಗಿದುಕೊಂಡೆ. ಅವಳು ಅತ್ತು ನನ್ನನ್ನು ಎಸೆದಳು. ಇವತ್ತೂ ಅತ್ತರೆ ಇನ್ನು ನನ್ನನ್ನು ಮುಟ್ಟಲಾರಳು."

"ಹಾಗಾದರೆ ನಾನಿದ್ದೇನೆ," ಎಂದಿತು ಕಪ್ಪು ಉಂಡೆ.

"ನಿನ್ನ ಕಪ್ಪಿನಲ್ಲಿ ಕುಣಿಕೆ ನನಗೇ ಕಾಣದು. ಅವಳಿಗೆ ಕಂಡೀತೆ?"

ಕಡ್ಡಿ ಮೂಲೆಯಲ್ಲಿದ್ದ ಮಾಸಲು ಹಳದಿ ಉಂಡೆಯ ಕಡೆ ತಿರುಗಿತು. ಕಪ್ಪು ಉಂಡೆ ನಕ್ಕಿತು. "ಅದೇ? ಇಷ್ಟು ವರ್ಷವಾದರೂ ಅದು ಒಂದು ಟೋಪಿಯೂ ಆಗಲಿಲ್ಲ!"

"ಆಗಲಿಲ್ಲ, ನಿಜ," ಎಂದಿತು ಹಳದಿ ಉಂಡೆ. "ಜಲಜ ಲಂಗ ತೊಡುವ ವಯಸ್ಸಿನಲ್ಲಿ ನನ್ನಲ್ಲೇ ಹೆಣೆದು, ನನ್ನನ್ನೇ ಬಿಚ್ಚಿ ಕಲಿತಳು. ಅವಳ ಅಂಗೈ ಬೆವರಿಗೇ ನಾನು ಮಾಸಿದ್ದು. ಕೈ ಪಳಗಿದ ಮೇಲೆ ಹೊಸ ಉಲ್ಲನ್ ತಂದು ರೇಡಿಯೋಗೆ ಹೊದಿಕೆ ಹಾಕಿದಳು. ಅವಳ ಮಗಳೂ ಹಾಗೆಯೇ."

"ಬೇಸರವಿಲ್ಲವೆ?" ಎಂದಿತು ಕಡ್ಡಿ.

"ಆ ಪುಟ್ಟ ಬೆರಳುಗಳು ನೆನಪಾದಾಗ ಬೇಸರವಾಗುತ್ತದೆ."

ಕಡ್ಡಿ ಅದರ ಎಳೆಯನ್ನು ಕೊಕ್ಕೆಗೆ ಸಿಕ್ಕಿಸಿಕೊಂಡಿತು.

ಅಂದೂ ಮೇದಿನಿ ನಾಲ್ಕನೇ ಸಾಲಿನಲ್ಲಿ ತಪ್ಪಿದಳು. ಹೆದರುತ್ತಲೇ ಎಳೆ ಜಗ್ಗಿದಳು. ಹೆಣೆದದ್ದೆಲ್ಲ ಒಂದೂ ಗಂಟಿಲ್ಲದೆ ಬಿಚ್ಚಿಕೊಂಡು ಮಡಿಲಿಗೆ ಬಂತು.

"ಇದು ಕೋಪಾನೇ ಮಾಡ್ಕೊಳ್ಳಲ್ಲ ಕಣಜ್ಜಿ!" ಎಂದು ನಕ್ಕು ಅವಳು ಮತ್ತೆ ಮೊದಲ ಕುಣಿಕೆ ಹಾಕಿದಳು.

ಜಲಜಮ್ಮ ಉಂಡೆಯನ್ನು ಸವರಿದಳು. "ನನ್ನ ಮೇಲೂ ಮಾಡ್ಕೊಂಡಿರಲಿಲ್ಲ, ಮಗಾ."